ಐದು ಗಜ, ಮೇಲೊಂದಿಷ್ಟು ಕೊಸರು

ಸುಮ್ಮನೆ ಕೂರಲಾರದವನನ್ನು ಇಂಥ ಪ್ರಸಂಗಗಳು ತಾವಾಗಿಯೇ ಹುಡುಕಿಕೊಂಡು ಬರುತ್ತವೆ. ನಾನು ಹರಿಹರದ ಒಂದು ಕಾಲೇಜಿನಲ್ಲಿ ದೈಹಿಕ ಶಿಕ್ಷಣದ ಮೇಷ್ಟ್ರು. ಕೂತಲ್ಲಿ ಕೂರುವುದಿಲ್ಲ, ನಿಂತಲ್ಲಿ ನಿಲ್ಲುವುದಿಲ್ಲ. ಊಟಕ್ಕೆ ಕೂತರೂ ಮಂಡಿ ಅಲ್ಲಾಡುತ್ತಲೇ ಇರುತ್ತದೆ, ತಟ್ಟೆಯಲ್ಲಿನ ಸಾರು ಪಕ್ಕದವರ ಪಲ್ಯಕ್ಕೆ ಸೇರುತ್ತದೆ. "ಕಾಲಿಗೆ ಚಕ್ರ ಕಟ್ಕೊಂಡೇ ಹುಟ್ಟೀರಿ ನೀವು" ಎನ್ನುತ್ತಾಳೆ ಹೆಂಡತಿ. ಅವಳು ಅದನ್ನು ಹೇಳಿ ಮುಗಿಸುವಷ್ಟರಲ್ಲಿ ನಾನು ಬಾಗಿಲ ಹತ್ತಿರ ಹೋಗಿರುತ್ತೇನೆ.

ಇಂಥ ನನ್ನ ಕೈಗೆ ಅಮೆರಿಕನ್ ಫುಟ್‌ಬಾಲ್ ಸಿಕ್ಕಿದ್ದು ದಾವಣಗೆರೆಯವರ ದೆಸೆಯಿಂದ. ಅಲ್ಲಿನ ಒಂದು ಕಾಲೇಜಿನವರು ತಂಡ ಕಟ್ಟಿದರಂತೆ, ತಲೆಗೆ ಹೆಲ್ಮೆಟ್ ಹಾಕಿಕೊಂಡು ಆಡುತ್ತಾರಂತೆ ಅಂತ ಸುದ್ದಿ ಬಂತು. ದಾವಣಗೆರೆಯವರಿಗೆ ಇರುವುದು ಹರಿಹರದವರಿಗೆ ಇಲ್ಲ ಎಂದರೆ ನಮ್ಮ ಆಡಳಿತ ಮಂಡಳಿಯ ಕಾರ್ಯದರ್ಶಿಗಳಿಗೆ ಅನ್ನ ಸೇರುವುದಿಲ್ಲ. ಎಲ್ಲಿಂದಲೋ ಹಳೇ ಹೆಲ್ಮೆಟ್ಟುಗಳು ಬಂದವು. ಸಿಪ್ಪೆ ಸುಲಿಯದ ತೆಂಗಿನಕಾಯಿಯಂಥ ಒಂದು ಚೆಂಡೂ ಬಂತು. ಓಡು, ನಿಲ್ಲು, ಮತ್ತೆ ಓಡು ಅನ್ನುವ ಆ ಆಟ ನನಗೆ ಹೇಳಿ ಮಾಡಿಸಿದ ಹಾಗಿತ್ತು. ಇಷ್ಟು ವರ್ಷಗಳ ನೌಕರಿಯಲ್ಲಿ ನನ್ನ ಕಾಲುಗಳಿಗೆ ತಕ್ಕ ಕೆಲಸ ಸಿಕ್ಕಿದ್ದು ಅದೇ ಮೊದಲು.

ಮೊದಲ ವರ್ಷ ದಾವಣಗೆರೆಯವರ ಮೇಲೆ ಆಡಿ ಸೋತೆವು. ಅವರು ಗೆದ್ದರು ಅನ್ನುವುದಕ್ಕಿಂತ ನಾವೇ ಗೆಲ್ಲಿಸಿದೆವು. ಚೆಂಡು ಹಿಡಿಯಲು ಓಡುವವನನ್ನು ಕಂಡರೆ ಸಾಕು, ನಮ್ಮ ಹುಡುಗರು ಹೋಗಿ ತಬ್ಬಿಕೊಳ್ಳುತ್ತಿದ್ದರು. ಹಾಗೆ ತಬ್ಬಿಕೊಂಡರೆ ಅದು ತಪ್ಪು, ಎದುರಿನವರಿಗೆ ಪುಕ್ಕಟೆ ಜಾಗ. ಆಟ ಮುಗಿದ ಮೇಲೆ ಕಾರ್ಯದರ್ಶಿಗಳು ನನ್ನನ್ನು ಪಕ್ಕಕ್ಕೆ ಕರೆದರು.

"ಮೇಷ್ಟ್ರೇ, ಇದು ಆಟನೋ, ಬೀಗರ ಭೇಟಿನೋ? ಬರೋ ವರ್ಷ ದಾವಣಗೆರೆಯೋರ ಮುಂದೆ ನಮ್ ಹುಡುಗ್ರು ಇನ್ನೊಂದ್ ಸಲ ಹಿಂಗೆ ತಬ್ಬಿಕ್ಯಂಡ್ರೋ, ಹೆಲ್ಮೆಟ್ಟು ಅಟ್ಟಕ್ಕೆ, ಮೈದಾನ ಕಾರು ನಿಲ್ಸಾಕೆ. ನೀವು ಲೈಬ್ರರಿಯಾಗ ಕೂತ್ಕಂಡು ಗಲಾಟೆ ಮಾಡೋ ಹುಡುಗ್ರನ್ನ ಸುಮ್ಮನಿರ್ಸ್ರಿ."

ಹೆಲ್ಮೆಟ್ಟು, ಮೈದಾನ, ಕಾರು ಯಾವುದೂ ನನ್ನ ಕಿವಿಗೆ ಬೀಳಲಿಲ್ಲ. ಬಿದ್ದದ್ದು ಒಂದೇ ಮಾತು, "ಕೂತ್ಕಂಡು". ಆ ಒಂದು ವರ್ಷದಲ್ಲಿ ನಡೆದ ಕಥೆಗಳು ಇವು.

೧. ಭಾನುವಳ್ಳಿ ಬಸ್ಸು

ಮೊದಲು ಹುಡುಗರಿಗೆ ನಿಯಮ ತಿಳಿಸಬೇಕಿತ್ತು. ಮೈದಾನದಲ್ಲಿ ಎಲ್ಲರನ್ನೂ ಕೂರಿಸಿ, ನಾನು ಅವರ ಸುತ್ತ ತಿರುಗುತ್ತಾ ಹೇಳಿದೆ.

"ನೋಡ್ರೋ, ಅವರೋನು ಒಬ್ಬ ಚೆಂಡು ಎಸೀತಾನೆ. ಅದನ್ನ ಹಿಡಿಯಾಕೆ ಇನ್ನೊಬ್ಬ ಮುಂದಕ್ಕೆ ಓಡ್ತಾನೆ. ಆ ಓಡೋನನ್ನ ಕಾಯೋದು ನಿಮ್ ಕೆಲಸ. ಆಟ ಶುರುವಾಗೋ ಗೆರೆಯಿಂದ ಐದು ಗಜದೊಳಗೆ ಇದ್ದಾಗ ಅವನ ಎದೆಗೆ ಕೈ ಕೊಟ್ಟು ತಳ್ಳಬೌದು. ಐದು ಗಜ ದಾಟಿದ್ನೋ, ಬೆರಳು ಸೋಕ್ಸಂಗಿಲ್ಲ. ಚೆಂಡು ಗಾಳಿಯಾಗ ಇದ್ದಾಗಂತೂ ಮುಟ್ಟಲೇ ಬ್ಯಾಡ್ರಿ. ಆದ್ರೆ ಚೆಂಡು ಅವನ ಕೈ ಸೇರ್ತೋ, ಮೈಮೇಲೆ ಬಿದ್ದು ಕೆಡವಿಬಿಡ್ರಿ."

ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅರ್ಧ ಜನ ಗರಡಿಯಲ್ಲಿ ಮಣ್ಣು ತಿಂದು ಬೆಳೆದವರು, ಇನ್ನರ್ಧ ಕಬಡ್ಡಿಯವರು. ಕೈಗೆ ಸಿಕ್ಕವನನ್ನು ಬಿಟ್ಟರೆ ಬೈಸಿಕೊಳ್ಳುವುದು ಅವರಿಗೆ ಗೊತ್ತು. ಹಿಡಿದದ್ದಕ್ಕೆ ಬೈಸಿಕೊಳ್ಳುವುದು ಹೊಸದು.

"ತಳ್ಳು, ಮುಟ್ಟಬ್ಯಾಡ, ಕೆಡವು ಅಂದ್ರೆ ಹೆಂಗ್ರೀ ಸಾ?" ಎಂದು ಒಬ್ಬ ಕೇಳಿದ. ನಾನು ಮತ್ತೆ ಮೊದಲಿನಿಂದ ಹೇಳಿದೆ. ಮತ್ತೆ ಕೇಳಿದರು. ಮತ್ತೆ ಹೇಳಿದೆ. ಅಷ್ಟರಲ್ಲಿ ನಾನೇ ಮೈದಾನವನ್ನು ಎಷ್ಟು ಸುತ್ತು ಹಾಕಿದ್ದೆನೋ, ತಲೆ ತಿರುಗಲು ಶುರುವಾಗಿತ್ತು.

ಆಗ ಭಾನುವಳ್ಳಿಯಿಂದ ಬರುವ ಹುಡುಗ ಎದ್ದು ನಿಂತ. ನಮ್ಮ ತಂಡದ ಗಟ್ಟಿಮುಟ್ಟಾದ ಕಾವಲುಗಾರ ಇವನೇ. ನಾಲೆ ನೀರಿನ ಗದ್ದೆಯಲ್ಲಿ ಭತ್ತದ ಚೀಲ ಹೊತ್ತು ಭುಜ ಅಗಲವಾಗಿತ್ತು. ಹಿಂದಿನ ವರ್ಷ ಹೆಚ್ಚು ಜನರನ್ನು ತಬ್ಬಿಕೊಂಡವನೂ ಇವನೇ.

"ಸಾ, ಇದು ನಮ್ ಊರ ಬಸ್ಸಿನಂಗೆ ಐತಲ್ರೀ. ಬಾಗಲ ತನಕ ಯಾರನ್ನ ಬೇಕಾದ್ರೂ ತಳ್ಳಬೌದು. ಒಳಗೆ ಹತ್ತಿದ ಮ್ಯಾಲೆ ತಳ್ಳಿದ್ರೆ ಬೈತಾರೆ. ಅವನಿಗೆ ಸೀಟು ಸಿಕ್ತು ಅಂದ್ರೆ ಮತ್ತೆ ಮೈಮ್ಯಾಲೆ ಬಿದ್ದು ಒತ್ತರಿಸ್ಕ್ಯಂಡು ಕೂರಬೌದು."

ನನಗೆ ಅವನನ್ನು ಎತ್ತಿ ಕುಣಿಸಬೇಕು ಅನ್ನಿಸಿತು. ವಾರಗಟ್ಟಲೆ ಹುಡುಕಿದರೂ ಸಿಗದ ವಿವರಣೆ ಭಾನುವಳ್ಳಿ ಬಸ್ಸಿನಲ್ಲಿ ಸಿಕ್ಕಿತ್ತು. "ಹಂಗೇ ಕಣ್ರೋ! ದಿನಾ ಬಸ್ಸಿನಾಗೂ ಇದನ್ನೇ ಅಭ್ಯಾಸ ಮಾಡ್ರಿ" ಎಂದುಬಿಟ್ಟೆ.

ಮೂರನೇ ದಿನ ಆ ಬಸ್ಸಿನ ಕಂಡಕ್ಟರು ಕಾಲೇಜಿಗೇ ಬಂದರು.

"ಫುಟ್‌ಬಾಲ್ ಮೇಷ್ಟ್ರು ಯಾರ್ರೀ? ನಿಮ್ ಹುಡುಗ್ರು ಬಾಗಲಾಗ ನಿಂತು ಹತ್ತೋರ ಎದಿಗೆ ಕೈ ಕೊಟ್ಟು ತಳ್ತಾರೆ. ಒಳಗ್ ಬಂದ ಮ್ಯಾಲೆ ಎರಡೂ ಕೈ ಮ್ಯಾಲೆ ಎತ್ಕಂಡು ನಿಂತ್ಕಂತಾರೆ. ಟಿಕೆಟ್ ತಗಳ್ರೋ ಅಂದ್ರೆ ಕೈ ಇಳ್ಸಂಗಿಲ್ಲ, ನಮ್ ಸರು ಬೈತಾರೆ ಅಂತಾರೆ!"

೨. ಬೀಳುವ ಬಟ್ಟೆ

ಈ ಆಟದಲ್ಲಿ ತಪ್ಪು ಕಂಡರೆ ತೀರ್ಪುಗಾರ ಬರೀ ಸೀಟಿ ಊದಿದರೆ ಸಾಲದು, ಒಂದು ಹಳದಿ ಬಟ್ಟೆಯನ್ನು ನೆಲಕ್ಕೆ ಎಸೆಯಬೇಕು. ಅಭ್ಯಾಸದ ಹೊತ್ತಿನಲ್ಲಿ ತೀರ್ಪುಗಾರನೂ ನಾನೇ. ಹೆಂಡತಿಯ ಹಳೇ ರವಿಕೆ ಬಟ್ಟೆಯೊಂದನ್ನು ಕತ್ತರಿಸಿಕೊಂಡು ಜೇಬಿನಲ್ಲಿಟ್ಟುಕೊಂಡೆ.

ದಿನಾ ಸಂಜೆ ಒಬ್ಬ ಅಜ್ಜ ಮೈದಾನದ ಸುತ್ತ ವಾಕಿಂಗ್ ಬರುತ್ತಿದ್ದರು. ನಮ್ಮ ಬೀದಿಯವರೇ. ಮೊದಲ ದಿನ ಭಾನುವಳ್ಳಿ ಹುಡುಗ ಯಾರನ್ನೋ ತಬ್ಬಿಕೊಂಡ, ನಾನು ಬಟ್ಟೆ ಎಸೆದೆ. ಹುಡುಗನಿಗೆ ಬೈದು ತಿರುಗುವಷ್ಟರಲ್ಲಿ ಅಜ್ಜ ಒಳಗೆ ಬಂದು, ಬಟ್ಟೆ ಎತ್ತಿ, ಧೂಳು ಕೊಡವಿ, ನಾಲ್ಕು ಮಡಿಕೆ ಮಾಡಿ ನನ್ನ ಕೈಗೆ ಕೊಟ್ಟರು. "ಮೇಷ್ಟ್ರೇ, ನಿಮ್ ಕರ್ಚೀಪು ಬಿತ್ತು ನೋಡ್ರಿ."

ಹಿರಿಯರು, ಏನನ್ನುವುದು? "ಆತ್ರಿ ಅಜ್ಜಾರ" ಎಂದು ಜೇಬಿಗಿಟ್ಟೆ. ಐದು ನಿಮಿಷಕ್ಕೆ ಮತ್ತೊಂದು ಅಪ್ಪುಗೆ, ಮತ್ತೆ ಬಟ್ಟೆ, ಮತ್ತೆ ಅಜ್ಜ. ನಮ್ಮ ಹುಡುಗರು ತಬ್ಬಿಕೊಳ್ಳುವುದನ್ನು ಬಿಡಲಿಲ್ಲ, ಅಜ್ಜ ಎತ್ತಿಕೊಡುವುದನ್ನು ಬಿಡಲಿಲ್ಲ. ಕೊನೆಗೆ ಅವರು ವಾಕಿಂಗ್ ನಿಲ್ಲಿಸಿ ನನ್ನ ಬೆನ್ನ ಹಿಂದೆಯೇ ಓಡಾಡತೊಡಗಿದರು. ನಾನೋ ಒಂದು ಕಡೆ ನಿಲ್ಲುವವನಲ್ಲ. ನಾನು ಓಡಿದಲ್ಲೆಲ್ಲ ಅವರೂ ಓಡಿ ಏದುಸಿರು ಬಿಡುತ್ತಿದ್ದರು.

ಒಂದು ಸಂಜೆ ಮನೆಗೆ ಹೋದರೆ ಅಜ್ಜ ನಮ್ಮ ಮನೆಯಲ್ಲಿ ಚಹಾ ಕುಡಿಯುತ್ತಿದ್ದಾರೆ, ಹೆಂಡತಿ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಾಳೆ.

"ನರದ ದೋಷನೇ ಇರಬೇಕವ್ವ" ಎನ್ನುತ್ತಿದ್ದರು ಅಜ್ಜ. "ಕೈಯಾಗ ಹಿಡಿದಿದ್ದು ನಿಲ್ಲಂಗಿಲ್ಲ. ಬಿದ್ದಿದ್ದೂ ಗೊತ್ತಾಗಂಗಿಲ್ಲ. ಬಿದ್ದ ಕೂಡ್ಲೇ ಪಾಪ, ಸಿಟ್ಟು ಬಂದು ಹುಡುಗ್ರ ಮ್ಯಾಲೆ ಕೂಗ್ಯಾಡ್ತಾರೆ."

ಎಷ್ಟು ಬಿಡಿಸಿ ಹೇಳಿದರೂ ಹೆಂಡತಿ ನಂಬಲಿಲ್ಲ. ಮಾರನೆಯ ದಿನ ಮೈದಾನದಲ್ಲಿ ತಪ್ಪು ಕಂಡು ರಭಸದಿಂದ ಬಟ್ಟೆ ಎಸೆದರೆ, ಅದು ಗೇಣುದ್ದ ಹಾರಿ ವಾಪಸ್ ಬಂದು ನನ್ನ ಎದೆಗೇ ಬಡಿಯಿತು. ಅವಳು ಅದನ್ನು ಅಂಗಿಗೆ ಪಿನ್ನು ಹಾಕಿ ಭದ್ರ ಮಾಡಿದ್ದಳು.

೩. ಸಾಹುಕಾರರ ಗಜ

ಐದು ಗಜ ಐದು ಗಜ ಅಂತ ಬಾಯಲ್ಲಿ ಹೇಳಿದರೆ ಹುಡುಗರಿಗೆ ಅಂದಾಜು ಸಿಗುತ್ತಿರಲಿಲ್ಲ. ನೆಲದ ಮೇಲೆ ಗೆರೆ ಬೇಕಿತ್ತು. ಕಾಲೇಜಿನ ಟೇಪು ಮೀಟರಿನದು. ಮೀಟರನ್ನು ಗಜಕ್ಕೆ ಇಳಿಸಿ ಲೆಕ್ಕ ಹಾಕುತ್ತಾ ಕೂರುವ ತಾಳ್ಮೆ ನನಗೆಲ್ಲಿಂದ ಬರಬೇಕು?

ದಾವಣಗೆರೆಯ ಮಂಡಿಪೇಟೆಯಲ್ಲಿ ಬಟ್ಟೆಯ ಸಗಟು ಅಂಗಡಿ ಇಟ್ಟಿರುವ ಸಾಹುಕಾರರೊಬ್ಬರು ನಮ್ಮ ಹುಡುಗರ ಅಂಗಿಗೆ ಬಟ್ಟೆ ಕೊಟ್ಟಿದ್ದರು. ಹುಟ್ಟಿದ್ದು ಹರಿಹರ, ಹಾಗಾಗಿ ಅಭಿಮಾನ. ಆಟದಲ್ಲಿ ಅವರಿಗೆ ಅರ್ಥವಾದ ಒಂದೇ ಸಂಗತಿ ಎಂದರೆ ಎಲ್ಲವೂ ಗಜದ ಲೆಕ್ಕ ಎಂಬುದು. ಅದಕ್ಕೇ ಅವರಿಗೆ ಈ ಆಟದ ಮೇಲೆ ಬಹಳ ಗೌರವ. ವಿಷಯ ತಿಳಿದ ಕೂಡಲೇ ತಮ್ಮ ತಾತನ ಕಾಲದ ಕಬ್ಬಿಣದ ಗಜಕಡ್ಡಿ ಹಿಡಿದು ಕಾರಿನಲ್ಲಿ ಬಂದರು.

"ಸರಿರಿ ಮೇಷ್ಟ್ರೇ, ಅಳತೆ ನಮ್ಮ ಕೆಲಸ" ಎಂದು ಪಂಚೆ ಎತ್ತಿ ಕಟ್ಟಿ ನೆಲಕ್ಕೆ ಬಗ್ಗಿದರು. ಒಂದು ಗಜ ಇಡುವುದು, ತುದಿಗೆ ಹೆಬ್ಬೆರಳು ಒತ್ತುವುದು, ಹೆಬ್ಬೆರಳಿನ ಆಚೆಯಿಂದ ಮುಂದಿನ ಗಜ ಇಡುವುದು. ಐದಾದ ಮೇಲೆ ಒಂದು ಕ್ಷಣ ಯೋಚಿಸಿ, ಇನ್ನೊಂದು ಗೇಣು ಮುಂದೆ ಹೋಗಿ, "ಇಲ್ಲಿಗೆ ಹಾಕ್ರಿ ಸುಣ್ಣ" ಎಂದರು. ನಾನು ಪಕ್ಕದಲ್ಲೇ ಅತ್ತಿಂದಿತ್ತ ಓಡಾಡುತ್ತಾ ಎಲ್ಲ ನೋಡಿದೆ. ಬಟ್ಟೆ ಅಂಗಡಿಯಲ್ಲಿ ಅಳೆಯುವುದನ್ನು ಹುಟ್ಟಿದಾಗಿನಿಂದ ಹಾಗೆಯೇ ನೋಡಿದ್ದೇನೆ, ಹಾಗಾಗಿ ಏನೂ ಅನ್ನಿಸಲಿಲ್ಲ.

ಆ ಗೆರೆಯ ಮೇಲೆ ಹುಡುಗರು ತಿಂಗಳುಗಟ್ಟಲೆ ಅಭ್ಯಾಸ ಮಾಡಿದರು. ಗೆರೆಯವರೆಗೂ ತಳ್ಳುವುದು, ಗೆರೆ ಬಂತೋ ಕೈ ಹಿಂದಕ್ಕೆ ಸೆಳೆಯುವುದು. ಗೆರೆ ದಾಟಿ ಒಬ್ಬನೂ ಮುಟ್ಟುತ್ತಿರಲಿಲ್ಲ. ಲೈಬ್ರರಿಯ ಕುರ್ಚಿ ನನ್ನಿಂದ ದೂರ ಸರಿಯುತ್ತಿದೆ ಎಂದು ಖುಷಿಯಾಯಿತು.

ನಂತರ ದಾವಣಗೆರೆಯಲ್ಲಿ ಒಂದು ಸ್ನೇಹದ ಪಂದ್ಯ. ಅಲ್ಲಿನ ತೀರ್ಪುಗಾರರು ಬ್ಯಾಂಕ್ ನೌಕರರು, ರಜೆಯಲ್ಲಿ ಸೀಟಿ ಊದುವವರು. ನಿಯಮದಿಂದ ಕೂದಲೆಳೆಯಷ್ಟೂ ಆಚೀಚೆ ಹೋಗುವವರಲ್ಲ. ಶುರುವಾದ ಗಳಿಗೆಯಿಂದ ಹಳದಿ ಬಟ್ಟೆ ಹಾರತೊಡಗಿತು. ತಪ್ಪು, ತಪ್ಪು, ತಪ್ಪು. ಎಲ್ಲವೂ ನಮ್ಮದೇ.

ನನಗೆ ತಡೆಯಲಾಗಲಿಲ್ಲ. "ನಮ್ ಹುಡುಗ್ರು ಐದು ಗಜ ದಾಟಿ ಮುಟ್ಟೋದೇ ಇಲ್ರೀ, ಬೇಕಾದ್ರೆ ಅಳೀರಿ!" ಎಂದು ಕೂಗಿದೆ. ಅಂಗೈ ತೋರಿಸಿ ಅವಲಕ್ಷಣ ಅನ್ನಿಸಿಕೊಳ್ಳುವುದು ಎಂದರೆ ಇದೇ.

ಅವರು ಶಾಂತವಾಗಿ ಹೇಳಿದರು. "ನಿಮ್ಮ ಹುಡುಗರು ಎಲ್ಲರೂ ಐದು ಗಜ ದಾಟಿ ಒಂದೂವರೆ ಗೇಣಿನ ಹತ್ತಿರಾನೇ ತಳ್ತಾರೆ ಸರ್. ಇಷ್ಟು ಅಚ್ಚುಕಟ್ಟಾಗಿ ತಪ್ಪು ಮಾಡೋರನ್ನ ನಾನು ಎಲ್ಲೂ ನೋಡಿಲ್ಲ."

ಆಟ ನೋಡಲು ಬಂದಿದ್ದ ಸಾಹುಕಾರರಿಗೆ ಇದು ಕೇಳಿಸಿತು. ಅವರು ನೇರ ಒಳಗೇ ಬಂದರು. "ಅಳದೋನು ನಾನು. ಮೂರು ತಲೆಮಾರಾತು, ನಮ್ ಅಂಗಡಿ ಗಜ ಕಡಿಮಿ ಐತೆ ಅಂತ ಇವತ್ತಿನ ತನಕ ಒಬ್ರೂ ಅಂದಿಲ್ಲ."

"ಕಡಿಮೆ ಇಲ್ಲ ಸಾಹುಕಾರ್ರೇ, ಜಾಸ್ತಿ ಇದೆ."

"ಅದು ಕೊಸರು!" ಎಂದರು ಸಾಹುಕಾರರು, ಅವಮಾನವಾದವರ ಹಾಗೆ. "ಹುಡುಗ್ರು ಪಾಪ ಬೆವರು ಸುರಿಸ್ತಾರೆ, ಒಂದು ಗೇಣು ಮ್ಯಾಲೆ ಕೊಡಬಾರದೇನು? ಬರೇ ಐದಂದ್ರೆ ಐದೇ ಅಳದು ಕೊಡ್ತೀರಲ್ಲ, ನಿಮ್ ಕಡೆ ಗಿರಾಕಿ ಹೆಂಗ್ರೀ ಬರ್ತಾರೆ?"

೪. ಕಳಿಸಿ ಬಂದವನು

ಗೆರೆ ಅಳಿಸಿ ಸರಿಯಾಗಿ ಹಾಕಿದ್ದಾಯಿತು. ಉಳಿದವರು ತಿದ್ದಿಕೊಂಡರು. ಭಾನುವಳ್ಳಿ ಹುಡುಗ ಮಾತ್ರ ಕೊಸರಿಗೆ ಒಗ್ಗಿಹೋಗಿದ್ದ. ದಾವಣಗೆರೆಯವರ ಪಂದ್ಯ ಹತ್ತಿರ ಬರುತ್ತಿತ್ತು. ನನಗೆ ನಿದ್ದೆಯಲ್ಲೂ ಕಾಲು ಆಡುತ್ತಿತ್ತು.

ಹುಡುಗ ಒಳ್ಳೆಯವನೇ. ಬಹಳ ಒಳ್ಳೆಯವನು ಅನ್ನುವುದೇ ತಾಪತ್ರಯ. ಮನೆಯಲ್ಲಿ ಹಿರಿಯರು ಏನು ಕಲಿಸಿದ್ದರೋ ಅದನ್ನು ಬಿಡುವವನಲ್ಲ. ಅವನ ಕಾಲು ಯಾರಿಗಾದರೂ ತಾಗಿದರೆ, ಅವರನ್ನು ಮುಟ್ಟಿ ಕಣ್ಣಿಗೊತ್ತಿಕೊಂಡೇ ಮುಂದೆ ಹೋಗುತ್ತಿದ್ದ. ಹೆಲ್ಮೆಟ್ಟಿಗೆ ಕಾಲು ತಾಗಿದರೂ ಅಷ್ಟೇ. ಅವನೊಬ್ಬನೇನು, ನಮ್ಮ ಕಡೆ ಎಲ್ಲರಿಗೂ ಇರುವ ರೂಢಿ. ಅದರ ಬಗ್ಗೆ ನಾನಾಗ ಹೆಚ್ಚು ಯೋಚಿಸಲಿಲ್ಲ.

"ನಿನ್ ಕೈನೇ ನಿನ್ನ ಶತ್ರು ಕಣೋ" ಎಂದು ನನ್ನ ಟವೆಲ್ಲಿನಿಂದ ಅವನ ಕೈಗಳನ್ನು ಬೆನ್ನ ಹಿಂದೆ ಕಟ್ಟಿದೆ. "ಈಗ ಓಡು. ಅವನ ಪಕ್ಕದಾಗೇ ಓಡು. ಮುಟ್ಟಬ್ಯಾಡ."

ವಾರಗಟ್ಟಲೆ ಹಾಗೆಯೇ ಓಡಿಸಿದೆ. ಅದ್ಭುತ ಫಲ ಬಂತು. ಎದುರಿನವನು ಎಡಕ್ಕೆ ತಿರುಗಿದರೆ ಇವನೂ ಎಡಕ್ಕೆ, ಬಲಕ್ಕೆ ತಿರುಗಿದರೆ ಬಲಕ್ಕೆ. ನೆರಳಿನ ಹಾಗೆ ಅಂಟಿಕೊಂಡರೂ ಬೆರಳು ಸೋಕುತ್ತಿರಲಿಲ್ಲ. ಕೊಂಡಜ್ಜಿ ಕೆರೆ ಪಕ್ಕದ ಬಯಲಿನಲ್ಲಿ ನಮ್ಮವರನ್ನೇ ಎರಡು ಗುಂಪು ಮಾಡಿ ಆಡಿಸಿದೆ. ಟವೆಲ್ ಬಿಚ್ಚಿದೆ. ಕೈ ಬಿಚ್ಚಿದರೂ ಹುಡುಗ ಕೈ ಹಿಂದೆ ಕಟ್ಟಿಕೊಂಡೇ ಓಡಿದ. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಅಷ್ಟರಲ್ಲಿ ಚೆಂಡು ಬಂತು, ಇವನು ಕಾಯುತ್ತಿದ್ದವನ ಕೈಗೆ ಸಿಕ್ಕಿಬಿಟ್ಟಿತು. ಈಗ ಕೆಡವಬೇಕು. "ಹಿಡಿಯೋ!" ಎಂದು ಕೂಗಿದೆ. ಹುಡುಗ ಕೈ ಹಿಂದೆ ಕಟ್ಟಿಕೊಂಡೇ ಅವನ ಪಕ್ಕದಲ್ಲಿ ಓಡುತ್ತಿದ್ದಾನೆ. "ಕೆಡವೋ!" ಇಬ್ಬರೂ ಜೊತೆಜೊತೆಯಾಗಿ ಕೊನೆಯ ಗೆರೆಯವರೆಗೂ ಹೋದರು. ಚೆಂಡು ಹಿಡಿದವನು ಗೆರೆ ದಾಟಿದ. ನಮ್ಮವನು ಈಚೆ ನಿಂತು, ಬೀಗರನ್ನು ಬಸ್ ಹತ್ತಿಸಿದವನ ಹಾಗೆ ಒಂದು ಗಳಿಗೆ ನೋಡಿ, ತಿರುಗಿ ನಡೆದು ಬಂದ.

"ಯಾಕೋ ಹಿಡೀಲಿಲ್ಲ?"

"ಅದ್ಯಾಕೋ ಸಾ, ಇಷ್ಟು ದೂರ ಜೊತಿಗೆ ಓಡಿದ ಮ್ಯಾಲೆ ಕೆಡವಾಕೆ ಮನಸ್ಸಾಗ್ಲಿಲ್ಲ."

೫. ಕುರ್ಚಿ

ನನ್ನ ಬಗ್ಗೆಯೂ ದೂರು ಹೋಗಿತ್ತು. ತಂಡದ ತರಬೇತುದಾರ ಮೈದಾನದ ಅಂಚಿನ ಬಿಳಿ ಗೆರೆ ದಾಟಬಾರದು ಎಂಬುದೂ ನಿಯಮ. ನಾನು ದಾಟದ ದಿನವಿಲ್ಲ. ದಾವಣಗೆರೆಯ ತೀರ್ಪುಗಾರರು ಇನ್ನೊಂದು ಸ್ನೇಹದ ಪಂದ್ಯಕ್ಕೆ ಹರಿಹರಕ್ಕೆ ಬಂದಾಗ ಮೊದಲೇ ಹೇಳಿದರು. "ಸರ್, ಗೆರೆ ದಾಟಬೇಡಿ. ತೀರ್ಪುಗಾರನ ಮೈಯಂತೂ ಮುಟ್ಟಲೇಬೇಡಿ. ಅದು ಎಲ್ಲಕ್ಕಿಂತ ದೊಡ್ಡ ತಪ್ಪು."

ಕಾರ್ಯದರ್ಶಿಗಳು ಒಂದು ಪ್ಲಾಸ್ಟಿಕ್ ಕುರ್ಚಿ ತರಿಸಿ ಗೆರೆಯಾಚೆ ಹಾಕಿಸಿದರು. "ಮೇಷ್ಟ್ರೇ, ಆಟ ಮುಗಿಯೋ ತನಕ ಈ ಕುರ್ಚಿಯಿಂದ ಏಳಂಗಿಲ್ಲ."

ನಾನು ಮಾತು ಕೊಟ್ಟೆ, ಉಳಿಸಿಕೊಂಡೆ ಕೂಡ. ಅರ್ಧ ಆಟ ಕಳೆದ ಮೇಲೆ ತೀರ್ಪುಗಾರರು ಸೀಟಿ ಊದಿ ನನ್ನ ಎದುರಿಗೆ ಬಂದು ನಿಂತರು. ಸುತ್ತ ನೋಡಿದೆ. ನಾನು ಮೈದಾನದ ನಟ್ಟನಡುವೆ ಇದ್ದೆ. ಎರಡೂ ಕಡೆಯವರು ನನ್ನನ್ನು ಸುತ್ತುಹಾಕಿಕೊಂಡು ಆಡುತ್ತಿದ್ದರಂತೆ.

"ಏನ್ ಸರ್ ಇದು?"

"ನಾನು ಎದ್ದಿಲ್ರೀ" ಎಂದೆ, ಎರಡೂ ಕೈಯಲ್ಲಿ ಕುರ್ಚಿ ಹಿಡಿದುಕೊಂಡೇ. "ಬೇಕಾದ್ರೆ ಕಾರ್ಯದರ್ಶಿಗಳನ್ನ ಕೇಳ್ರಿ, ಒಂದ್ ಸಲಾನೂ ಎದ್ದಿಲ್ಲ."

೬. ಕಾಲು ತಾಗಿದಾಗ

ಕೊನೆಗೂ ಆ ದಿನ ಬಂತು. ದಾವಣಗೆರೆಯವರದೇ ಮೈದಾನ. ಕಾರ್ಯದರ್ಶಿಗಳು ಮುಂದಿನ ಸಾಲಿನಲ್ಲಿ, ಪಕ್ಕದಲ್ಲಿ ಮಂಡಿಪೇಟೆ ಸಾಹುಕಾರರು, ಅವರ ಪಕ್ಕ ನನ್ನ ಹೆಂಡತಿ. ಕುರ್ಚಿ ಕೊಡಬೇಡಿ ಎಂದು ತೀರ್ಪುಗಾರರೇ ಹೇಳಿದ್ದರಿಂದ ನಾನು ಬಿಳಿ ಗೆರೆಯ ಹಿಂದೆ ನಿಂತಿದ್ದೆ. ನಿಂತಿದ್ದೆ ಅನ್ನುವುದು ಹೇಳುವ ಮಾತು. ಆ ಜಾಗದಲ್ಲಿ ಹುಲ್ಲು ಸವೆದು ಮಣ್ಣು ಕಾಣುತ್ತಿತ್ತು.

ನಮ್ಮ ಹುಡುಗರು ಆಡಿದ್ದನ್ನು ನೀವು ನೋಡಬೇಕಿತ್ತು. ಐದು ಗಜದೊಳಗೆ ತಳ್ಳು, ಆಮೇಲೆ ಕೈ ಹಿಂದೆ. ಒಂದು ಅಪ್ಪುಗೆ ಇಲ್ಲ, ಒಂದು ಎಳೆದಾಟ ಇಲ್ಲ. ಕೊಸರು ಸಹ ಇಲ್ಲ. ಹಳದಿ ಬಟ್ಟೆ ತೀರ್ಪುಗಾರರ ಸೊಂಟದಲ್ಲೇ ಒಣಗುತ್ತಿತ್ತು. ಕೊನೆಯ ಗಳಿಗೆ ಬಂದಾಗ ನಾವು ಸ್ವಲ್ಪದರಲ್ಲಿ ಮುಂದಿದ್ದೆವು. ಅವರಿಗೆ ಒಂದೆರಡು ಎಸೆತಕ್ಕಾಗುವಷ್ಟು ಹೊತ್ತು ಮಾತ್ರ ಉಳಿದಿತ್ತು. ಕಾರ್ಯದರ್ಶಿಗಳು ಮೀಸೆ ತಿರುವುತ್ತಿದ್ದರು.

ದಾವಣಗೆರೆಯ ಹುಡುಗ ಓಡಿದ. ನಮ್ಮ ಭಾನುವಳ್ಳಿಯವನು ಕೈ ಹಿಂದೆ ಕಟ್ಟಿಕೊಂಡು ಅವನ ಪಕ್ಕದಲ್ಲೇ ಓಡಿದ. ಐದು ಗಜ ದಾಟಿತು. ಹತ್ತು ದಾಟಿತು. ಎಸೆಯುವವನ ಕೈಯಲ್ಲಿ ಇನ್ನೂ ಚೆಂಡು ಇದೆ. ಆಗ ದಾವಣಗೆರೆಯವನು ಗಕ್ಕನೆ ತಿರುಗಿದ, ನಮ್ಮವನ ಕಾಲು ಅವನ ಹಿಮ್ಮಡಿಗೆ ತಾಗಿತು.

ಬೇಕೆಂದು ತಾಗಿಸಿದ್ದಲ್ಲ. ಅಷ್ಟಕ್ಕೇ ಬಿಟ್ಟಿದ್ದರೆ ತಪ್ಪೂ ಆಗುತ್ತಿರಲಿಲ್ಲ. ಆದರೆ ನಮ್ಮ ಹುಡುಗ ನಿಂತ. ವಾರಗಟ್ಟಲೆ ಕಟ್ಟಿಸಿಕೊಂಡಿದ್ದ ಕೈ ತಾನಾಗಿ ಬಿಚ್ಚಿಕೊಂಡು ಮುಂದೆ ಬಂತು. ಎದುರಾಳಿಯ ತೋಳು ಮುಟ್ಟಿ, ತನ್ನ ಹೆಲ್ಮೆಟ್ಟಿನ ಕಂಬಿಗಳ ಸಂದಿಯಲ್ಲಿ ಬೆರಳು ತೂರಿಸಿ ಕಣ್ಣಿಗೊತ್ತಿಕೊಂಡ.

ಹಳದಿ ಬಟ್ಟೆ ಹಾರಿತು.

ದಾವಣಗೆರೆಯ ಹುಡುಗನೂ ನಿಂತ. ಅವನೂ ನಮ್ಮ ಕಡೆಯ ತಾಯಿ ಹೆತ್ತ ಮಗನೇ. ಯಾರಾದರೂ ಮುಟ್ಟಿ ಕಣ್ಣಿಗೊತ್ತಿಕೊಂಡರೆ ತಿರುಗಿ ಮುಟ್ಟದೆ ಹೋಗಲಾದೀತೇ? "ಇರ್ಲಿ ಬಿಡೋ ಮಾರಾಯ" ಎಂದು ಅವನೂ ನಮ್ಮವನ ಭುಜ ಮುಟ್ಟಿ ಕಣ್ಣಿಗೊತ್ತಿಕೊಂಡ. ಅಷ್ಟರಲ್ಲಿ ಎಸೆದ ಚೆಂಡು ಇಬ್ಬರ ತಲೆ ಮೇಲಿಂದ ಹಾದುಹೋಗಿ ದೂರದಲ್ಲಿ ಬಿತ್ತು. ಅದರ ಕಡೆಗೆ ಯಾರೂ ನೋಡಲಿಲ್ಲ.

ತೀರ್ಪುಗಾರರು ಓಡಿ ಬಂದರು. "ಐದು ಗಜ ದಾಟಿದ ಮೇಲೆ ಯಾಕೆ ಮುಟ್ಟಿದೆ?"

"ಕಾಲು ತಾಗ್ತು ಸಾ" ಎಂದ ನಮ್ಮವನು, ಅಳು ಮುಖ ಮಾಡಿಕೊಂಡು.

"ಹೌದ್ರೀ ಸಾ" ಎಂದ ದಾವಣಗೆರೆಯವನು. "ಅವನೇನ್ ತಳ್ಳಿಲ್ಲ. ನಾನೂ ತಿರುಗಿ ಮುಟ್ಟೀನಿ. ಬ್ಯಾಡ ಅನ್ನಾಕಾಗ್ತೈತೇನ್ರೀ?"

ತೀರ್ಪುಗಾರರು ಒಂದು ಗಳಿಗೆ ಆಕಾಶ ನೋಡಿದರು. ಕೊನೆಗೆ ಗಟ್ಟಿಯಾಗಿ ಹೇಳಿದರು. "ನಿಯಮದಲ್ಲಿ ತಳ್ಳೋದಿದೆ, ಹಿಡಿಯೋದಿದೆ, ಎಳೆಯೋದಿದೆ. ಕಣ್ಣಿಗೊತ್ತಿಕೊಳ್ಳೋದು ಇಲ್ಲ. ತಪ್ಪಿಲ್ಲ." ಬಗ್ಗಿ ಹಳದಿ ಬಟ್ಟೆಯನ್ನು ಎತ್ತಿಕೊಂಡರು.

ನಾವು ಉಳಿದೆವು! ಮೈದಾನ ಉಳಿಯಿತು, ಹೆಲ್ಮೆಟ್ಟು ಉಳಿಯಿತು, ಲೈಬ್ರರಿಯ ಕುರ್ಚಿ ಕಣ್ಣ ಮುಂದಿನಿಂದ ಮಾಯವಾಯಿತು. ನನ್ನ ಕಾಲು ನನ್ನ ಮಾತು ಕೇಳಲಿಲ್ಲ. ಬಿಳಿ ಗೆರೆ ಎಲ್ಲಿ ಹಿಂದೆ ಬಿತ್ತೋ ಗೊತ್ತಿಲ್ಲ, ಕುಣಿಯುತ್ತಾ ಒಳಗೆ ನುಗ್ಗಿದವನು ನಮ್ಮ ಹುಡುಗನ ಹತ್ತಿರ ಬರುವಷ್ಟರಲ್ಲಿ ತೀರ್ಪುಗಾರರ ಕಾಲನ್ನೇ ತುಳಿದುಬಿಟ್ಟೆ.

ತುಳಿದೆನೋ ಇಲ್ಲವೋ, ನನ್ನ ಬಲಗೈ ಅವರ ತೋಳನ್ನು ಮುಟ್ಟಿತು, ಕಣ್ಣಿಗೆ ಬಂತು.

'ತೀರ್ಪುಗಾರನ ಮೈಯಂತೂ ಮುಟ್ಟಲೇಬೇಡಿ' ಅನ್ನುವ ಮಾತು ನನಗೆ ಆಗ ನೆನಪಾಯಿತು. ಅವರು ನನ್ನನ್ನೇ ನೋಡಿದರು. ಅವರೂ ಮಂಡಿಪೇಟೆಯ ಹಿಂದಿನ ಬೀದಿಯಲ್ಲಿ ಹುಟ್ಟಿ ಬೆಳೆದವರು. ಬಲಗೈ ಚಾಚಿ ನನ್ನ ಭುಜ ಮುಟ್ಟಿ ಕಣ್ಣಿಗೊತ್ತಿಕೊಂಡರು, ಎಡಗೈಯಿಂದ ಹಳದಿ ಬಟ್ಟೆಯನ್ನು ನನ್ನ ಕಾಲ ಬುಡಕ್ಕೆ ಎಸೆದರು.

ಆ ತಪ್ಪಿಗೆ ಸಿಕ್ಕ ಜಾಗ ದಾವಣಗೆರೆಯವರಿಗೆ ಸಾಕಾಯಿತು. ಮುಂದಿನ ಎಸೆತದಲ್ಲೇ ಗೆದ್ದರು.

ನಾನು ತಲೆ ತಗ್ಗಿಸಿಕೊಂಡು ಕಾರ್ಯದರ್ಶಿಗಳ ಮುಂದೆ ಹೋಗಿ ನಿಂತೆ. ಜೀವಮಾನದಲ್ಲಿ ಮೊದಲ ಸಲ ಅಲುಗಾಡದೆ ನಿಂತಿದ್ದೆ ಎಂದು ಆಮೇಲೆ ಹೆಂಡತಿ ಹೇಳಿದಳು. ಭಾನುವಳ್ಳಿ ಹುಡುಗ ನನ್ನ ಪಕ್ಕದಲ್ಲಿ ನಿಂತು ಮೂಗು ಸೇದುತ್ತಿದ್ದ.

"ಬೇಲಿನೇ ಎದ್ದು ಹೊಲ ಮೇಯ್ತಲ್ರೀ ಮೇಷ್ಟ್ರೇ" ಎಂದರು ಕಾರ್ಯದರ್ಶಿಗಳು. ಆಮೇಲೆ ಹುಡುಗರ ಕಡೆ ತಿರುಗಿದರು. "ನಾನು ಹೇಳಿದ್ದೇನು? ಹುಡುಗ್ರು ತಬ್ಬಿಕಂಡ್ರೆ ತಂಡ ಇಲ್ಲ ಅಂತ. ಹುಡುಗ್ರು ಒಬ್ರನ್ನೂ ತಬ್ಬಿಲ್ಲ. ಅದಕ್ಕೆ ತಂಡ ಇರ್ಲಿ, ಮೈದಾನಾನೂ ಇರ್ಲಿ. ಆದ್ರೆ ಇನ್ಮ್ಯಾಲೆ ಆಟದ ದಿನ ಈ ಮೇಷ್ಟ್ರ ಕೈ ಕಟ್ಟಿ ಹಾಕ್ರಿ."

ಹುಡುಗರು ಅದನ್ನು ತಮಾಷೆ ಎಂದುಕೊಳ್ಳಲಿಲ್ಲ. ಈಗಲೂ ಪ್ರತಿ ಪಂದ್ಯಕ್ಕೆ ಮುಂಚೆ ಭಾನುವಳ್ಳಿ ಹುಡುಗ ಬಂದು, "ಸಾ, ತಿರುಗ್ರಿ" ಎಂದು ನನ್ನ ಕೈಗಳನ್ನು ಬೆನ್ನ ಹಿಂದೆ ಕಟ್ಟುತ್ತಾನೆ. ಕಟ್ಟುವಾಗ ಅವನ ಕಾಲು ನನಗೆ ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾನೆ. ಆ ಕೆಲಸಕ್ಕೆಂದೇ ಗಟ್ಟಿ ಬಟ್ಟೆ ಕೊಟ್ಟವರು ಮಂಡಿಪೇಟೆಯ ಸಾಹುಕಾರರು. ಕೈ ಕಟ್ಟಲು ಒಂದು ಗಜ ಸಾಕಾಗಿತ್ತು. ಆದರೆ ಅಳೆದವರು ಅವರು. ಮೇಲೆ ಕೊಟ್ಟ ಕೊಸರಿನಲ್ಲಿ ಹುಡುಗರು ನನ್ನ ಕಾಲನ್ನೂ ಕಟ್ಟುತ್ತಾರೆ.